ಬಿಸಿ ಇಡಲೋ, ಬರ್ಫ ಇಡಲೋ?

ಮನ್ಯಾಗ ಯಾರರೆ ಜಾರಿ ಬಿದ್ರ, ಡುಬ್ಬ ಹಿಡಕೊಂಡ್ರ, ಇಲ್ಲಾ ಆಪರೇಷನ್ ಆದ ಮೊಣಕಾಲು ಮಡಚಲಿಕ್ಕೆ ಬರಲಿಲ್ಲಂದ್ರ ಮೊದಲು ಬರೋ ಪ್ರಶ್ನಿ ಇದ ನೋಡ್ರಿ: ಬಿಸಿ ಇಡಲೋ, ಬರ್ಫ ಇಡಲೋ? ಓಣ್ಯಾಗ ನಾಕು ಮಂದೀನ ಕೇಳಿದ್ರ ಐದು ಉತ್ತರ ಸಿಗತಾವ. ಒಬ್ಬರು ಉಪ್ಪಿನ ಗಂಟು ಅಂತಾರ. ಒಬ್ಬರು ಫ್ರಿಜ್ಜಿನ್ಯಾಗಿನ ಬಟಾಣಿ ಪಾಕೀಟು ಇಡ್ರಿ ಅಂತಾರ. ಇನ್ನೊಬ್ಬರು ಒಮ್ಮೆ ಅದು, ಒಮ್ಮೆ ಇದು ಮಾಡ್ರಿ ಅಂತಾರ. ಎಲ್ಲಾರೂ ಭಾಳ ಖಾತ್ರಿಲೆ ಹೇಳತಾರ.

ಈ ಪ್ರಶ್ನಿ ಎರಡು ಸಾವಿರ ವರ್ಷಕ್ಕಿಂತ ಹಳೇದು. ಅದರ ಕತಿ ಹುಡಿಕ್ಕೋತ ಓದಿದಾಗ ನನಗ ಒಂದು ಮಾತು ತಿಳೀತು. ಬಿಸಿಯಿಂದಾಗಲಿ ಥಂಡಿಯಿಂದಾಗಲಿ ಮಂದಿಗೆ ಕೇಡಾದ ಕಡೆ ನೋಡಿದ್ರ, ಇದನ್ನ ಇಡೋ ಬದಲಿ ಅದನ್ನ ಇಟ್ಟಿದ್ದರಿಂದ ಆದದ್ದು ಕಡಿಮಿ. 'ಸುಡಲಿಕ್ಕತ್ತದ' ಅಂತ ಹೇಳಲಿಕ್ಕಾಗದ ಚರ್ಮದ ಮ್ಯಾಲೆ ಇಟ್ಟು, ಯಾವಾಗ ತಗೀಬೇಕು ಅನ್ನೋದು ಮರತದ್ದರಿಂದ ಆದದ್ದು ಹೆಚ್ಚು. ಮಂಡಿ ಆಪರೇಷನ್, ಲಕ್ವಾ, ಎಲುವು ಮುರಿದದ್ದು, ಇವೆಲ್ಲಾ ಈಗ ಮನಿಮನಿಗೂ ಬಂದಾವ. ಆಸ್ಪತ್ರಿಯಿಂದ ಮನಿಗೆ ಕಳಿಸಿದ ಮ್ಯಾಲೆ ಶಾಖ ಕೊಡೋದು, ಬರ್ಫ ಇಡೋದು ನಮ್ಮ ಹೆಣ್ಣುಮಕ್ಕಳ ಕೈಯಾಗ ಬರತದ. ಅದಕ್ಕ ಈ ಕತಿ ನಮಗ ಬೇಕು.

ಮೊದಲು ನಮ್ಮ ಕಡೆಯಿಂದನ ಶುರು ಮಾಡೋಣ. ಧಾರವಾಡ ಕಡೆ ಹಳೇ ಮನ್ಯಾಗ ಶಾಖಕ್ಕ ಏನೇನು ಇರತಿತ್ತು ನೆನಪು ಮಾಡಿಕೋರಿ. ದಪ್ಪ ಉಪ್ಪು ಹುರಿದು ಅರಿವ್ಯಾಗ ಕಟ್ಟಿದ ಗಂಟು. ಒಲಿ ಬದಿಗೆ ಇಟ್ಟು ಕಾಸಿದ ಇಟ್ಟಂಗಿ. ಕಾಸಿದ ಉಸುಕು. ಎಣ್ಣಿ ಸವರಿ ಹಂಚಿನ ಮ್ಯಾಲೆ ಬಾಡಿಸಿದ ಔಡಲ ಎಲಿ. ಬಾಣಂತಿ ಹೊರಸಿನ ಕೆಳಗ ಅಗ್ಗಿಷ್ಟಿಗಿ. ಬಚ್ಚಲದಾಗ ಹಂಡೇದ ನೀರು. ಇನ್ನ ಥಂಡಿ ಅಂದ್ರ ಏನಿತ್ತು? ಜ್ವರ ಬಂದ್ರ ಹಣಿಗೆ ತಣ್ಣೀರ ಪಟ್ಟಿ, ಅಷ್ಟ. ಯಾಕಂದ್ರ ಬೆಂಕಿ ಎಲ್ಲಾರ ಮನ್ಯಾಗೂ ಇತ್ತು, ಬರ್ಫ ಯಾರ ಮನ್ಯಾಗೂ ಇರಲಿಲ್ಲ. ಹಿರಿಯರು ಶಾಖಾನ ಛಲೋ ಅಂತಿದ್ದದ್ದು ಬರ್ಫ ಇಟ್ಟು ನೋಡಿ, ತೂಗಿ ಹೇಳಿದ ಮಾತಲ್ಲ. ಮನ್ಯಾಗ ಇದ್ದದ್ದು ಅದೊಂದ. ಮನಿಮದ್ದು ಅನ್ನೋದು ಬರೇ ಜ್ಞಾನ ಅಲ್ಲರಿ, ಅಡಗಿ ಮನ್ಯಾಗ ಏನಿತ್ತು ಅನ್ನೋದರ ಲೆಕ್ಕಾನೂ ಹೌದು.

ಆದ್ರ ಆ ಹಿರಿಯರು ಒಂದು ಕೆಲಸ ತಪ್ಪದ ಮಾಡತಿದ್ರು. ಗಂಟನ್ನ ನೋವಿದ್ದವರ ಮೈಗೆ ಮುಟ್ಟಸೋಕಿಂತ ಮೊದಲು ತಮ್ಮ ಮುಂಗೈಗೆ ಮುಟ್ಟಿಸಿ ನೋಡತಿದ್ರು. ಒತ್ತಿ ಹಿಡೀತಿರಲಿಲ್ಲ. ಇಟ್ಟು, ತಗದು, ಮತ್ತ ಇಟ್ಟು, ತಗದು ಮಾಡತಿದ್ರು. ಗಂಟು ಆರಿದ್ರ ಮತ್ತ ಹಂಚಿಗೆ. ಇದು ಸಣ್ಣ ಮಾತು ಅನಸತದ. ಈ ಕತಿ ಮುಂದ ಹೋದಂಗ ಅದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗತದ.

ಇದೆಲ್ಲಾ ಅಜ್ಜಿಯರು ತಾವ ಹುಟ್ಟಿಸಿದ್ದಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಚರಕ ಸಂಹಿತಾದ ಸೂತ್ರಸ್ಥಾನದಾಗ ಹದಿನಾಕನೇ ಅಧ್ಯಾಯ ಪೂರಾ ಸ್ವೇದ ಅಂದ್ರ ಬೆವರು ಬರಸೋ ಶಾಖದ ಬಗ್ಗೆನ ಅದ. ಬೆಂಕಿ ಬಳಸಿ ಮಾಡೋ ಶಾಖ 13 ತರ ಅಂತ ಎಣಿಸ್ಯಾರ. ಗಂಟು ಕಟ್ಟಿ ಕೊಡೋದು, ಕೊಳವ್ಯಾಗಿಂದ ಉಗಿ ಬಿಡೋದು, ಬೆಚ್ಚನ್ನ ನೀರು ಸುರಿಯೋದು, ತೊಟ್ಟಿಯೊಳಗ ಕೂಡಸೋದು, ಕಾಸಿದ ಕಲ್ಲಿನ ಹಾಸಿನ ಮ್ಯಾಲೆ ಮಲಗಸೋದು. ಬೇಯಿಸಿದ ಕಾಳಿನ ಹಾಸಿಗಿ ಮಾಡಿ, ಮ್ಯಾಲೆ ಔಡಲ ಎಲಿ ಹಾಸಿ ಮಲಗಸೋದೂ ಅದರಾಗ ಒಂದು. ನಮ್ಮ ಹಂಚಿನ ಮ್ಯಾಲಿನ ಔಡಲ ಎಲಿಗೆ ಎಷ್ಟು ಹಳೇ ಬಳಗ ಅದ ನೋಡ್ರಿ.

ನನಗ ಅಲ್ಲಿ ಹೆಚ್ಚು ಹಿಡಿಸಿದ್ದು ಆ ಹದಿಮೂರರ ಪಟ್ಟಿ ಅಲ್ಲ, ಬ್ಯಾಡ ಅನ್ನೋದರ ಪಟ್ಟಿ. ಕಣ್ಣಿಗೆ, ಎದಿಗೆ, ವೃಷಣಕ್ಕ ಶಾಖ ಕೊಡಬಾರದು, ಕೊಡಲಿಕ್ಕೇಬೇಕಂದ್ರ ಭಾಳ ಮೆತ್ತಗ ಕೊಡಬೇಕು. ಮೈಗೆ ಶಾಖ ಕೊಡೋವಾಗ ಎದಿಗೆ ತಣ್ಣನ್ನ ಮುತ್ತಿನ ಸರ, ತಣ್ಣನ್ನ ಪಾತ್ರಿ, ಒದ್ದಿ ಕೈ ಮುಟ್ಟಸ್ತಾ ಇರಬೇಕು. ಬಸುರಿಗೆ ಬ್ಯಾಡ, ರಕ್ತ ಹೋಗೋವರಿಗೆ ಬ್ಯಾಡ, ದಿನಾ ಕುಡಿಯೋವರಿಗೆ ಬ್ಯಾಡ, ಮಧುಮೇಹ ಇದ್ದವರಿಗೆ ಬ್ಯಾಡ. ಈ ಕಡೀದನ್ನ ಇನ್ನೊಮ್ಮೆ ಓದ್ರಿ. ನರಕ್ಕ ಜೋಮು ಹಿಡಿದು ಕಾಲಿಗೆ ಬಿಸಿ ತಿಳಿಯೋದಿಲ್ಲ ಅಂತ ನಮ್ಮ ಸಕ್ಕರೆ ಡಾಕ್ಟ್ರು ಇವತ್ತ ಹೇಳತಾರ. ಅವರ ಕಾರಣ ಬ್ಯಾರೆ, ಚರಕದ ಲೆಕ್ಕ ಬ್ಯಾರೆ, ಆದ್ರ ಇಬ್ಬರೂ ಕೈ ತಡದದ್ದು ಒಂದ ಮಂದಿ ಮುಂದ.

ಯಾವಾಗ ನಿಲ್ಲಸಬೇಕು ಅನ್ನೋದನ್ನೂ ಅದರಾಗ ಬರದಾರ. ಥಂಡಿ ಹೋತು, ನೋವು ತಗ್ಗಿತು, ಬಿಗುವು ಮತ್ತ ಭಾರ ಇಳೀತು, ಮೈ ಮೆತ್ತಗಾತು, ಬೆವರು ಬಂತು ಅಂದ್ರ ಸಾಕು, ನಿಲ್ಲಸ್ರಿ ಅಂತ. ಹೆಚ್ಚು ಕೊಟ್ಟಷ್ಟು ಹೆಚ್ಚು ಗುಣ ಅನ್ನೋ ಮಾತ ಅಲ್ಲಿಲ್ಲ.

ಗ್ರೀಕರ ಕಡೆ ಹೋದ್ರ, ಕ್ರಿ.ಪೂ. 400ರ ಸುಮಾರಿನ ವೈದ್ಯ ಹಿಪ್ಪೊಕ್ರೇಟಿಸ್ ಹೆಸರಿನ ಸೂತ್ರಗಳು ಅವ. ಹುಣ್ಣಿಲ್ಲದ ಕೀಲು ಬಾವಿಗೆ, ಉಳುಕಿಗೆ ತಣ್ಣೀರು ಧಾರಾಳ ಸುರೀರಿ, ಸ್ವಲ್ಪ ಜೋಮು ಹಿಡದ್ರ ನೋವು ಕಡಿಮಿ ಆಗತದ ಅಂತ ಅಲ್ಲೆ ಅದ. ಅದರ ಹತ್ತರನ ಎಚ್ಚರಿಕಿನೂ ಅದ. ಬಿಸಿ ಅತಿ ಆದ್ರ ಮಾಂಸ ಸಡಲಾಗತದ, ರಕ್ತ ಹೋಗತದ, ಎಚ್ಚರ ತಪ್ಪತದ. ಥಂಡಿ ಅತಿ ಆದ್ರ ಸೆಟೀತದ, ಮೈ ಕಪ್ಪಾಗತದ. ಅಂದ್ರ ಬಿಸಿ ಮತ್ತ ಥಂಡಿ ಎರಡೂ ಔಷಧ, ಎರಡೂ ಹತ್ಯಾರ ಅಂತ ಆ ಕಾಲಕ್ಕನ ಗೊತ್ತಿತ್ತು.

ಈಗ ಒಂದು ಯುದ್ಧದ ಸುದ್ದಿ. 1807ರ ಫೆಬ್ರುವರಿ, ಐಲೌ ಅನ್ನೋ ಊರಿನ ಹತ್ತರ ನೆಪೋಲಿಯನ್ ಸೈನ್ಯಕ್ಕೂ ರಷ್ಯನ್ನರಿಗೂ ಹಿಮದಾಗ ಕಾಳಗ ಆತು. ನೆಪೋಲಿಯನ್ನನ ಹೆಸರಾಂತ ಸರ್ಜನ್ ಡೊಮಿನಿಕ್ ಲಾರೆ ಅಲ್ಲಿದ್ರು. ಥಂಡಿಗೆ ಮೈ ಮರಗಟ್ಟಿದ ಸಿಪಾಯಿಗಳಿಗೆ ಕಾಲು ಕತ್ತರಿಸಿದ್ರೂ ನೋವು ಭಾಳ ಕಡಿಮಿ ಅನ್ನೋದನ್ನ ಅವರು ನೋಡಿದ್ರು. ಇನ್ನೊಂದನ್ನೂ ನೋಡಿದ್ರು. ಮರಗಟ್ಟಿದ ಕಾಲನ್ನ ಉರಿಯೋ ಬೆಂಕಿ ಹತ್ತರ ಚಾಚಿ ಕಾಸಿಕೊಂಡವರಿಗೇನ ಹೆಚ್ಚು ಕೊಳತ ಹತ್ತಿತು. ಪಾಪ, ಅವರು ತಪ್ಪು ಏನು ಮಾಡಿದ್ರು? ಥಂಡಿ ಆದ್ರ ಬೆಂಕಿ ಹತ್ತರ ಕೂಡೋದು ಮನಷ್ಯಾನ ಸ್ವಭಾವ. ಆದ್ರ ಸತ್ತಂಗಾದ ಚರ್ಮಕ್ಕ ಎಷ್ಟು ಬಿಸಿ ಹತ್ತಲಿಕ್ಕತ್ತದ ಅಂತ ತಿಳೀಲಿಲ್ಲ. ಸುಟ್ಟದ್ದೂ ತಿಳೀಲಿಲ್ಲ.

ಹಂಗಾರ ಏನು ಮಾಡಬೇಕು ಅಂದ್ರ, ಹಿಮದಿಂದ ತಿಕ್ರಿ ಅಂತ ಲಾರೆ ಹೇಳಿದ್ರು. ದೊಡ್ಡವರ ಮಾತು ಅಂತ ನೂರು ವರ್ಷಕ್ಕಿಂತ ಹೆಚ್ಚು ಮಂದಿ ಹಂಗ ತಿಕ್ಕಿದ್ರು. ಆಮ್ಯಾಲೆ ಅದೂ ಕೇಡು ಅಂತ ಗೊತ್ತಾತು. ಈಗ ಮೈ ಬಿಸಿಯಷ್ಟ, ಇಲ್ಲಾ ಸ್ವಲ್ಪ ಹೆಚ್ಚಿನ ಉಗುರು ಬೆಚ್ಚನ್ನ ನೀರಾಗ ಅಂಗ ಮುಳಗಸ್ತಾರ. ನೋಡಿದ್ದು ಖರೇ ಇದ್ರೂ, ನೋಡಿ ಕೊಟ್ಟ ಸಲಹಾ ತಪ್ಪಿರಬಹುದು. ಇದನ್ನೂ ಲಾರೆಯಿಂದನ ಕಲೀಬೇಕು.

ಇನ್ನ ಬರ್ಫ ನಮ್ಮ ದೇಶಕ್ಕ ಹೆಂಗ ಬಂತು? ಉತ್ತರದ ಕಡೆ ಚಳಿಗಾಲದ ರಾತ್ರಿ ಹುಲ್ಲಿನ ಮ್ಯಾಲೆ ತೆಳ್ಳನ್ನ ಮಣ್ಣಿನ ತಾಟಿನ್ಯಾಗ ನೀರಿಟ್ಟು, ನಸುಕಿನ್ಯಾಗ ಪದರು ಬರ್ಫ ತಗೀತಿದ್ರು. ಅದು ದೊಡ್ಡವರಿಗೆ ಶರಬತ್ತಿಗೆ. 1833ರಾಗ ಅಮೆರಿಕಾದ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಕೆರಿ ಬರ್ಫ ಕೊಯ್ದು, ಟಸ್ಕನಿ ಅನ್ನೋ ಹಡಗಿನ್ಯಾಗ ತುಂಬಿ ಕಲಕತ್ತಾಕ್ಕ ಕಳಿಸಿದ. ಹೊರಟಾಗ 180 ಟನ್, ನಾಕು ತಿಂಗಳ ಮ್ಯಾಲೆ ಮುಟ್ಟಿದಾಗ ಸುಮಾರು 100 ಟನ್ ಉಳದಿತ್ತು. ಮದ್ರಾಸಿನ್ಯಾಗ ಆ ಬರ್ಫ ಇಡಲಿಕ್ಕೆ 1842ರಾಗ ಕಟ್ಟಿದ ಐಸ್ ಹೌಸ್ ಸಮುದ್ರದ ದಂಡೀಗೆ ಇನ್ನೂ ನಿಂತದ. 1897ರಾಗ ಸ್ವಾಮಿ ವಿವೇಕಾನಂದರು ಅಲ್ಲೆ ಇಳಕೊಂಡಿದ್ರು, ಈಗ ಅದು ಅವರ ಹೆಸರಿಲೇನ ಅದ. ಆ ಬರ್ಫನೂ ಸಾಹೇಬರ ಗ್ಲಾಸಿಗೆ, ಅವರ ಜ್ವರಕ್ಕ ಹೋತು. ನಮ್ಮ ಕಡೆ ಓಣಿಗೆ ಬಂದದ್ದು ಮುಂದ ಕಾರಖಾನಿ ಬರ್ಫ, ಅದೂ ಗೋಲಾ ಮಾರೋವನ ಗಾಡಿ ಮ್ಯಾಲೆ. ಮನ್ಯಾಗ ಫ್ರಿಜ್ ಬಂದ ಮ್ಯಾಲೇನ ಬರ್ಫ ಅನ್ನೋದು ಮನಿಮದ್ದಾತು. ಅಂದ್ರ ನಮ್ಮ ಮನಿಗಳಿಗೆ ಶಾಖದ ಅನುಭವ ನೂರಾರು ವರ್ಷದ್ದು, ಬರ್ಫದ ಅನುಭವ ಒಂದು ತಲಿಮಾರಿಂದು. ಬರ್ಫಕ್ಕ ಏನೂ ಆಗೋದಿಲ್ಲ ಬಿಡು ಅಂತ ನಾವು ಧೈರ್ಯ ಮಾಡೋದು ಅದಕ್ಕನ.

ಅದರ ನಡುವ ರಬ್ಬರ್ ಚೀಲ ಬಂತು. 1844ರಾಗ ಚಾರ್ಲ್ಸ್ ಗುಡ್‍ಇಯರ್ ರಬ್ಬರಿಗೆ ಗಂಧಕ ಹಾಕಿ ಗಟ್ಟಿ ಮಾಡೋ ಪೇಟೆಂಟ್ ತಗೊಂಡ. ಬಿಸಿಗೆ ಅಂಟು ಆಗದ ರಬ್ಬರ್ ಸಿಕ್ಕಮ್ಯಾಲೆ ಬಿಸಿನೀರ ಚೀಲ ಮಾಡಲಿಕ್ಕೆ ಬಂತು. ಮುಂದ 1903ರಾಗ ಝಾಗ್ರೆಬ್ಬಿನ ಎಂಜಿನಿಯರ್ ಪೆಂಕಾಲಾ ಅದಕ್ಕ ತನ್ನದೊಂದು ನಮೂನಿ ಮಾಡಿದ. ಪೆನ್ನಿನಿಂದ ಹೆಸರು ಮಾಡಿದ ಪೆಂಕಾಲಾ ಅವನ. ಚೀಲ ಬಂದದ್ದು ಭಾಳ ಅನುಕೂಲ ಆತು, ಆದ್ರ ಒಂದು ಕಳಕೊಂಡಿವಿ. ಉಪ್ಪಿನ ಗಂಟು ಕೈಯಾಗ ಹಿಡದವರು ಅದನ್ನ ಬಿಟ್ಟು ಹೋಗೋ ಹಂಗಿರಲಿಲ್ಲ. ಚೀಲ ಇಟ್ಟು ಎದ್ದು ಹೋಗಬಹುದು.

ಹಂಗ ಎದ್ದು ಹೋದದ್ದರ ಫಲ ಆಸ್ಪತ್ರ್ಯಾಗ ಮೊದಲು ಕಾಣಸ್ತು. 1846ರ ಮ್ಯಾಲೆ ಈಥರ್ ಕೊಟ್ಟು ಎಚ್ಚರ ತಪ್ಪಿಸಿ ಆಪರೇಷನ್ ಮಾಡೋದು ಶುರು ಆಗಿತ್ತು. ಆಪರೇಷನ್ ಆದವರ ಮೈ ಥಂಡಿ ಆಗತದಂತ ಬದಿಗೆ ಬಿಸಿನೀರ ಚೀಲ ಇಡತಿದ್ರು. ಎಚ್ಚರ ಬಂದಾಗ ನೋಡಿದ್ರ ಕಾಲು ಸುಟ್ಟಿರತಿತ್ತು. ಇಂಥಾ ಪ್ರಕರಣ ಕೋರ್ಟಿನ ತನಕ ಹೋದವು. ನರ್ಸುಗಳ ಪಾಠದಾಗ ಚೀಲಕ್ಕ ಕವರ್ ಹಾಕೋದು, ಎಚ್ಚರ ಇಲ್ಲದವರ ಮೈಗೆ ತಾಗಿಸಿ ಇಡಬಾರದು ಅನ್ನೋದು ಗಟ್ಟಿ ನಿಯಮ ಆತು. ಐಲೌದ ಸಿಪಾಯಿಗಳ ಕತಿ, ಜಾಗಾ ಅಷ್ಟ ಬ್ಯಾರೆ.

ಶಾಖ ಬರೇ ನೋವು ಕಳಿಯೋದು ಬಿಟ್ಟು, ಬಿದ್ದವರನ್ನ ಎಬ್ಬಸೋ ಕೆಲಸಕ್ಕ ಬಂದದ್ದು ಪೋಲಿಯೋ ಕಾಲದಾಗ. 1921ರಾಗ ಪೋಲಿಯೋ ಬಂದು ಕಾಲು ಕಳಕೊಂಡ ಫ್ರಾಂಕ್ಲಿನ್ ರೂಸ್‍ವೆಲ್ಟ್, ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಅನ್ನೋ ಊರಿನ ಬೆಚ್ಚನ್ನ ಬುಗ್ಗಿ ನೀರಾಗ ಕಾಲು ಆಡಿಸಿ ಆಡಿಸಿ ಹುರುಪು ಬಂದದ್ದಕ್ಕ, 1926ರಾಗ ಆ ಜಾಗಾನ ಕೊಂಡು ಚಿಕಿತ್ಸಾ ಕೇಂದ್ರ ಮಾಡಿದ್ರು. ಆ ನೀರು ಸುಡೋ ನೀರಲ್ಲ, ಸುಮಾರು 31 ಡಿಗ್ರಿ ಅಷ್ಟ. ಬ್ಯಾಸಗಿಯೊಳಗ ನಮ್ಮ ಮಾಳಗಿ ಮ್ಯಾಲಿನ ಟ್ಯಾಂಕಿನ ನೀರು ಅದಕ್ಕಿಂತ ಬಿಸಿ ಇರತದ. ಗುಣ ಇದ್ದದ್ದು ಬಿಸಿಯೊಳಗಲ್ಲ, ಬೆಚ್ಚನ್ನ ನೀರಾಗ ಮೈ ಹಗುರಾಗಿ ಕಾಲು ಆಡಿಸಲಿಕ್ಕೆ ಬಂತಲ್ಲ, ಅದರೊಳಗ.

ಈ ಮಾತನ್ನ ಜಗತ್ತಿಗೆ ಜೋರಾಗಿ ಹೇಳಿದಾಕಿ ಒಬ್ಬಾಕಿ ಹೆಣ್ಣುಮಗಳು. ಎಲಿಝಬೆತ್ ಕೆನಿ, 1880ರಾಗ ಆಸ್ಟ್ರೇಲಿಯಾದಾಗ ಹುಟ್ಟಿದಾಕಿ. ನರ್ಸಿಂಗ್ ಕಲತ ಸರ್ಟಿಫಿಕೇಟು ಇರಲಿಲ್ಲ, ಕೆಲಸ ಮಾಡಿಕೋತನ ಕಲತಾಕಿ. ಮೊದಲನೇ ಮಹಾಯುದ್ಧದಾಗ ಸೈನ್ಯದ ನರ್ಸ್ ಆಗಿ 'ಸಿಸ್ಟರ್' ಅನ್ನೋ ಪದವಿ ಸಿಕ್ಕಿತು. ಆಕಿ ತನ್ನ ಆತ್ಮಕಥಿಯೊಳಗ ಬರಕೊಂಡಂಗ, 1911ರಾಗ ಕ್ವೀನ್ಸ್‍ಲ್ಯಾಂಡಿನ ಅಡವಿ ಸೀಮಿಯೊಳಗ ಒಂದು ಸಣ್ಣ ಹುಡುಗಿ ಕೈಕಾಲು ಸೆಟೆದು ಒದ್ದಾಡಲಿಕ್ಕತ್ತಿತ್ತು. ಆಕಿ ಡಾಕ್ಟರಿಗೆ ತಂತಿ ಕಳಿಸಿದ್ಲು. ಇದಕ್ಕ ಗೊತ್ತಿದ್ದ ಔಷಧ ಇಲ್ಲ, ಕಂಡ ಲಕ್ಷಣಕ್ಕ ತಕ್ಕಂಗ ಮಾಡು ಅಂತ ಉತ್ತರ ಬಂತು. ಉಪ್ಪಿನ ಗಂಟು ಇಟ್ಟು ನೋಡಿದ್ಲು, ಜವಸದ ಪಟ್ಟು ಹಾಕಿ ನೋಡಿದ್ಲು, ಆಗಲಿಲ್ಲ. ಕಡೀಕ ಉಣ್ಣೀ ಕಂಬಳಿ ಹರದು, ಕುದಿಯೋ ನೀರಾಗ ಅದ್ದಿ, ಹಿಂಡಿ ಸುತ್ತಿದ್ಲು. ಹುಡುಗಿ ಅಳು ನಿಲ್ಲಿಸ್ತಂತ.

ಆವಾಗ ದೊಡ್ಡ ಡಾಕ್ಟ್ರ ಪದ್ಧತಿ ಏನಿತ್ತಂದ್ರ, ಪೋಲಿಯೋ ಆದ ಕೈಕಾಲಿಗೆ ತಿಂಗಳುಗಟ್ಟಲೆ ಪಟ್ಟಿ, ಪ್ಲ್ಯಾಸ್ಟರ್ ಹಾಕಿ ಅಲಗಾಡದಂಗ ಕಟ್ಟಿಡೋದು. ಕೆನಿ ಅದರ ಉಲ್ಟಾ ಮಾಡಿದ್ಲು. ಮೊದಲು ಬಿಸಿ ಉಣ್ಣಿ ಪಟ್ಟಿಲೆ ಬಿಗುವು ಇಳಸೋದು, ಆಮ್ಯಾಲೆ ಮೆಲ್ಲಕ ಅಂಗ ಆಡಸೋದು, ಆಮ್ಯಾಲೆ ಪೇಶಂಟಿಗೇನ ಮನಸಿಟ್ಟು ಆಡಸಲಿಕ್ಕೆ ಕಲಸೋದು. 1938ರಾಗ ಕ್ವೀನ್ಸ್‍ಲ್ಯಾಂಡಿನ ಸರಕಾರಿ ಆಯೋಗ ಆಕಿ ವಿರುದ್ಧ ವರದಿ ಕೊಟ್ಟಿತು. ಬಗ್ಗಲಿಲ್ಲ. 1940ರಾಗ ಅಮೆರಿಕಾಕ್ಕ ಹೋದ್ಲು, 1942ರ ಡಿಸೆಂಬರಿನ್ಯಾಗ ಮಿನಿಯಾಪೊಲಿಸ್‍ದಾಗ ಆಕಿ ಹೆಸರಿನ ಸಂಸ್ಥಾ ಶುರು ಆತು. ರೋಗದ ಕಾರಣದ ಬಗ್ಗೆ ಆಕಿ ಹೇಳಿದ್ದನ್ನೆಲ್ಲಾ ಡಾಕ್ಟ್ರು ಒಪ್ಪಲಿಲ್ಲ. ಆದ್ರ ಕಟ್ಟಿ ಹಾಕೋ ಪದ್ಧತಿ ಹೋತು, ಶಾಖ ಕೊಟ್ಟು ಆಡಸೋ ಪದ್ಧತಿ ನಿಂತಿತು. ಇವತ್ತ ನಮ್ಮ ಮನಿಗೆ ಬರೋ ಫಿಜಿಯೋಥೆರಪಿ ಹುಡುಗಿ 'ಮೊದಲು ಹದಿನೈದು ನಿಮಿಷ ಶಾಖ, ಆಮ್ಯಾಲೆ ಎಕ್ಸರಸೈಜ್' ಅಂತಾಳಲ್ಲ, ಆ ಕ್ರಮದಾಗ ಕೆನಿ ಕೈವಾಡನೂ ಅದ.

ಮನಿ ನಡಸೋವರು ನೋಡಬೇಕಾದ್ದು ಆಕಿ ಪಟ್ಟಿ ಮಾಡೋ ರೀತಿ. ಉಣ್ಣಿನ ಯಾಕ? ಅದು ಬಿಸಿ ಹಿಡಕೋತದ, ಮತ್ತ ಛಲೋತ್ನ್ಯಾಗ ಹಿಂಡಿದ್ರ ನೀರು ಸೋರೋದಿಲ್ಲ. ಹಿಂಡೋ ಯಂತ್ರದಾಗ ಎರಡು ಸಲ ಹಿಂಡತಿದ್ರು. ಯಾಕಂದ್ರ ಸುಡೋದು ಬಟ್ಟಿ ಅಲ್ಲ, ಬಟ್ಟಿಯಿಂದ ಸೋರೋ ಕುದಿ ನೀರಿನ ಹನಿ. ಮ್ಯಾಲೆ ನೀರು ಹಾಯದ ಪದರು, ಅದರ ಮ್ಯಾಲೆ ಒಣ ಬಟ್ಟಿ. ಪಟ್ಟಿ ಸ್ನಾಯುವಿನ ಮ್ಯಾಲೆ ಅಷ್ಟ, ಕೀಲು ಬಿಟ್ಟು, ಆಡಸಲಿಕ್ಕೆ ಬರಬೇಕಂತ. ಟಾವೆಲ್ ಕುದಿನೀರಾಗ ಅದ್ದಿ ಕೈಲೆ ಅರ್ಧಾಮರ್ಧಾ ಹಿಂಡಿ ಹಾಕೋದು ಬ್ಯಾರೆ, ಇದು ಬ್ಯಾರೆ.

ಎಷ್ಟು ಬಿಸಿಗೆ ಎಷ್ಟು ಹೊತ್ತಿಗೆ ಸುಡತದ ಅನ್ನೋದನ್ನ ಅಳದದ್ದು 1947ರಾಗ. ಅಮೆರಿಕಾದ ಮಾರಿಟ್ಝ್ ಮತ್ತ ಹೆನ್ರಿಕ್ಸ್ ಅನ್ನೋ ಇಬ್ಬರು ಹಂದಿ ಚರ್ಮದ ಮ್ಯಾಲೆ, ತಾವಾಗಿ ಮುಂದ ಬಂದ ಮನಷ್ಯಾರ ಮ್ಯಾಲೆ ಪರೀಕ್ಷಾ ಮಾಡಿದ್ರು. 60 ಡಿಗ್ರಿ ಬಿಸಿಗೆ ಸುಮಾರು 5 ಸೆಕೆಂಡು ಸಾಕು. 49 ಡಿಗ್ರಿಗೆ ಹತ್ತು ನಿಮಿಷದ ಒಳಗ. ಎಲ್ಲಾಕಿಂತ ಕಲಿಯೋ ಹಂತಾದ್ದು ಇದು: 44 ಡಿಗ್ರಿಗೂ ಸುಡತದ, ಆದ್ರ ಸುಮಾರು 6 ತಾಸು ಬೇಕು. 44 ಡಿಗ್ರಿ ಅಂದ್ರ ಕೈಗೆ 'ಹಿತ ಅದ' ಅನಸೋ ಬಿಸಿ. ರಾತ್ರಿ ಪೂರಾ ಕರೆಂಟಿನ ಶಾಖದ ಪ್ಯಾಡ್ ಮ್ಯಾಲೆ ಮಲಗಿದವರಿಗೆ ಮುಂಜಾನೆ ಬೊಬ್ಬಿ ಯಾಕ ಬರತಾವ ಅನ್ನೋದಕ್ಕ ಇದ ಉತ್ತರ. ಚಕ್ಕನ ಸುಡೋದು ಒಂದು ತರ, ಕೂತಲ್ಲೆ ಕೂತು ಮೆಲ್ಲಕ ಬೇಯಸೋದು ಇನ್ನೊಂದು ತರ.

ಈ ಅಂಕಿ ನನಗ ಬರೇ ಅಂಕಿ ಅಲ್ಲ. ನಮ್ಮ ಅತ್ತಿಯವರಿಗೆ ಲಕ್ವಾ ಹೊಡದು ಎಡಗೈ, ಎಡಗಾಲು ಹೋಗಿದ್ವು, ಸಕ್ಕರೆನೂ ಇತ್ತು. ಎರಡು ತಿಂಗಳು ದಿನಾ ಎಕ್ಸರಸೈಜ್ ಮಾಡಿಸಿ ಎಡಗೈ ಎದಿ ತನಕ ಎತ್ತೋ ಹಂಗಾಗಿತ್ತು. ಹಗಲು ನೋಡಿಕೊಳ್ಳಲಿಕ್ಕೆ ಒಂದು ಏಜೆನ್ಸಿಯಿಂದ ಒಬ್ಬಾಕಿ ಬರತಿದ್ಲು. ಒಂದು ಮಧ್ಯಾಹ್ನ ಆಕಿ ಕವರ್ ಇಲ್ಲದ ಬಿಸಿನೀರ ಚೀಲಾನ ಎಡ ಹೆಗಲಿನ ಕೆಳಗ ಇಟ್ಟು, ಫೋನ್ ಹಿಡಕೊಂಡು ಹೊರಗ ಕಟ್ಟಿ ಮ್ಯಾಲೆ ಕೂತಿದ್ಲು. ಸಂಜೀಕ ಅಂಗಿ ಬದಲಿ ಮಾಡೋವಾಗ ನೋಡಿದ್ರ ಅಂಗೈಯಷ್ಟು ಅಗಲ ಬೊಬ್ಬಿ. ಏಜೆನ್ಸಿಯವರಿಗೆ ಫೋನ್ ಮಾಡಿದ್ರ ಅವರು ಅಂದದ್ದು, 'ಅಜ್ಜಿ ಒಂದ ಮಾತೂ ಹೇಳಲಿಲ್ಲಂತ ಅಲ್ಲರೀ.' ಹೇಳಲಿಲ್ಲ, ಖರೇ. ಹೇಳಬೇಕಂದ್ರ ಅವರಿಗೆ ಗೊತ್ತಾಗಬೇಕಲ್ಲ. ಗಾಯ ಮಾಯಲಿಕ್ಕೆ ಆರು ವಾರ ಹಿಡೀತು. ಆ ಆರು ವಾರ ಹೆಗಲು ಆಡಸಲಿಕ್ಕೆ ಬರಲಿಲ್ಲ, ಹೆಗಲು ಬಿಗಕೊಂಡು ಬಿಟ್ಟಿತು. ಎದಿ ತನಕ ಏಳತಿದ್ದ ಕೈ ಮತ್ತ ಅಷ್ಟು ಎತ್ತರ ಏಳಲಿಲ್ಲ. ಗಾಯದ ನೋವಿಗಿಂತ ಇದರ ನಷ್ಟ ಹೆಚ್ಚು. ಶಾಖ ಕೊಟ್ಟದ್ದು ಕೈ ಎತ್ತಲಿ ಅಂತ, ಆದದ್ದು ಉಲ್ಟಾ.

ಬರ್ಫದ ಕತಿಗೆ ವಾಪಸ್ ಬರೋಣ. 1978ರಾಗ ಅಮೆರಿಕಾದ ಡಾಕ್ಟರ್ ಗೇಬ್ ಮಿರ್ಕಿನ್ ಆಟಗಾರರ ಪುಸ್ತಕದಾಗ 'ರೈಸ್' ಅನ್ನೋ ಸೂತ್ರ ಕೊಟ್ಟರು. ರೆಸ್ಟ್, ಐಸ್, ಕಂಪ್ರೆಶನ್, ಎಲಿವೇಶನ್: ಮೊದಲ ಅಕ್ಷರ ಕೂಡಿಸಿದ್ರ ರೈಸ್. ವಿಶ್ರಾಂತಿ ಕೊಡು, ಬರ್ಫ ಇಡು, ಪಟ್ಟಿ ಸುತ್ತು, ಎತ್ತರಕ್ಕ ಇಡು. ನೆನಪಿಡಲಿಕ್ಕೆ ಸುಲಭ ಇದ್ದದ್ದಕ್ಕ ಶಾಲಿ ಮೈದಾನದಿಂದ ಆಸ್ಪತ್ರಿ ತನಕ ಹಬ್ಬಿತು. 2014ರಾಗ ಅದೇ ಮಿರ್ಕಿನ್ ಅವರ, ಬರ್ಫ ಮತ್ತ ಪೂರ್ತಿ ವಿಶ್ರಾಂತಿ ಮಾಯೋದನ್ನ ತಡ ಮಾಡಬಹುದು ಅಂತ ಬರದರು. ಪೆಟ್ಟು ಬಿದ್ದಲ್ಲೆ ಬಾವು ಬರೋದು ಮೈ ತನ್ನ ದುರಸ್ತಿ ಶುರು ಮಾಡಿದ್ದರ ಗುರ್ತು, ಅದನ್ನ ಪೂರಾ ತಡೀಬಾರದು ಅಂತ. ಹಂಗಂತ ಬರ್ಫ ದಂಡ ಅಂತಲ್ಲ. ನೋವು ತಗ್ಗಸಲಿಕ್ಕೆ, ಆಪರೇಷನ್ ಆದ ಮೊದಲ ದಿನಗಳಾಗ ಬಾವಿಗೆ ಡಾಕ್ಟ್ರು ಈಗೂ ಹೇಳತಾರ. ಸ್ವಲ್ಪ ಹೊತ್ತು ಇಟ್ಟು ತಗೀರಿ, ದಿನಾ ಪೂರಾ ಇಡಬ್ಯಾಡ್ರಿ ಅಂತ ಅಷ್ಟ.

ಬರ್ಫನೂ ಸುಡತದ. ನೀರಾಗ ಕರಗೋ ಬರ್ಫ 0 ಡಿಗ್ರಿಗೆ ನಿಲ್ಲತದ. ಫ್ರೀಜರಿನ್ಯಾಗಿಂದ ಆವಾಗ ತಗದ ಜೆಲ್ ಪ್ಯಾಕ್ ಹಂಗಲ್ಲ. ಫ್ರೀಜರ್ ಸೊನ್ನಿ ಕೆಳಗ 18 ಡಿಗ್ರಿ ಇದ್ರ ಅದೂ ಅಷ್ಟ ಇರತದ, ಮೆತ್ತಗಿದ್ರೂ ಬರ್ಫಕ್ಕಿಂತ ಥಂಡಿ. ಇನ್ನ ಮೊಣಕಾಲಿನ ಹೊರಬದಿಗೆ, ಸ್ವಲ್ಪ ಕೆಳಗ, ಕೈಗೆ ಒಂದು ಎಲುವಿನ ಗುಬ್ಬಿ ಹತ್ತತದ. ಅದರ ಬದಿಗೆ ಚರ್ಮದ ಕೆಳಗನ ಒಂದು ನರ ಹಾದು ಹೋಗತದ. ಅದರ ಮ್ಯಾಲೆ ಭಾಳ ಹೊತ್ತು ಬರ್ಫ ಬಿಗದು ಕಟ್ಟಿದ್ದಕ್ಕ ಪಾದ ಎತ್ತಲಿಕ್ಕೆ ಬರದಂಗಾದವರು ಇದ್ದಾರ.

ಇಷ್ಟು ಕತಿಯೊಳಗಿಂದ ಮನಿಗೆ ಬೇಕಾದ್ದು ತಗದು ಇಡತೀನಿ. ನಿಮ್ಮ ಡಾಕ್ಟ್ರು, ಫಿಜಿಯೋಥೆರಪಿಯವರು ಹೇಳಿದ್ದು ಇದಕ್ಕಿಂತ ಮೊದಲು, ಅದನ್ನ ಮರೀಬ್ಯಾಡ್ರಿ.

ಹೊಸಾ ಪೆಟ್ಟು, ಕೆಂಪಾಗಿ ಬಾತದ್ದು, ಮುಟ್ಟಿದ್ರ ಬಿಸಿ ಅನಸೋದು ಇದ್ರ ಮೊದಲ ಎರಡು ಮೂರು ದಿನ ಶಾಖ ಬ್ಯಾಡ. ಹಳೇ ಬಿಗುವು, ಸೆಟೆತ, ಮುಂಜಾನೆ ಎದ್ದ ಕೂಡಲೆ ಅಲಗಾಡದ ಕೀಲು ಇದ್ರ ಎಕ್ಸರಸೈಜಿಗಿಂತ ಮೊದಲು ಶಾಖ ಛಲೋ. ಹಸಿ ಗಾಯ, ಕೀವು, ರಕ್ತ ಹೆಪ್ಪುಗಟ್ಟಿದ ಕಾಲು, ಗಂಟಿನ ರೋಗದ ಜಾಗಾ, ಬಸುರಿ ಹೊಟ್ಟಿ ಮತ್ತ ನಡಾ, ಇಲ್ಲೆಲ್ಲಾ ಡಾಕ್ಟ್ರನ್ನ ಕೇಳದ ಶಾಖ ಬ್ಯಾಡ. ಥಂಡಿಗೆ ಬೆರಳು ಬೆಳ್ಳಗಾಗೋವರು, ಪಿತ್ತದ ಗಂಧಿ ಏಳೋವರು, ಕಾಲಿಗೆ ರಕ್ತ ಸರಿ ಹರೀಲಾರದವರು ಬರ್ಫದಿಂದ ದೂರ ಇರಬೇಕು.

ಚೀಲದಾಗ ಕುದಿಯೋ ನೀರು ಹಾಕಬ್ಯಾಡ್ರಿ. ಮೂರು ಪಾಲಿನ್ಯಾಗ ಎರಡು ಪಾಲು ತುಂಬಿ, ಗಾಳಿ ಹೊರಗ ಹಾಕಿ, ಬಿರಡಿ ಬಿಗದು, ತಲಿಕೆಳಗ ಮಾಡಿ ಸೋರತದೇನು ನೋಡ್ರಿ. ರಬ್ಬರ್ ಸೀಳು ಬಿಟ್ಟಿದ್ರ ಒಗದು ಬಿಡ್ರಿ. ದಪ್ಪ ಟಾವೆಲ್ ಸುತ್ತಲಾರದ ಚರ್ಮಕ್ಕ ತಾಗಿಸಬ್ಯಾಡ್ರಿ. ಆಸ್ಪತ್ರ್ಯಾಗಿನ ದೊಡ್ಡ ಶಾಖದ ಪ್ಯಾಕ್ 70 ಡಿಗ್ರಿ ಮ್ಯಾಲಿನ ನೀರಾಗಿಂದ ತಗೀತಾರ, ಆದ್ರ ಆರೆಂಟು ಪದರು ಟಾವೆಲ್ ಸುತ್ತಿನ ಇಡತಾರ. ಬರ್ಫಕ್ಕೂ ನಡುವ ಒಂದು ಒದ್ದಿ ಅರಿವಿ ಬೇಕು. ಶಾಖ ಆದ್ರ ಹದಿನೈದು, ಭಾಳಂದ್ರ ಇಪ್ಪತ್ತು ನಿಮಿಷ. ಬರ್ಫ ಹತ್ತರಿಂದ ಹದಿನೈದು. ಐದು ನಿಮಿಷಕ್ಕೊಮ್ಮೆ ಎತ್ತಿ ಚರ್ಮ ನೋಡ್ರಿ. ಚೀಲದ ಮ್ಯಾಲೆ ಮಲಗಬ್ಯಾಡ್ರಿ, ಮೈಭಾರಕ್ಕ ಬಿಸಿ ಹೊರಗ ಹೋಗಲಿಕ್ಕೆ ಹಾದಿ ಇರೋದಿಲ್ಲ. ನೋವಿನ ಬಾಮ್ ಹಚ್ಚಿದ ಮ್ಯಾಲೆ ಶಾಖ ಬ್ಯಾಡ. ನಿದ್ದಿಗುಳಿಗಿ ತಗೊಂಡವರಿಗೆ ಒಬ್ಬರನ ಬಿಟ್ಟು ಹೋಗಬ್ಯಾಡ್ರಿ.

ಇನ್ನೊಂದು ಪರೀಕ್ಷಾ ಅದ, ಫಿಜಿಯೋಥೆರಪಿಯವರು ಎರಡು ಗಾಜಿನ ನಳಿಗಿಲೆ ಮಾಡತಾರ. ಮನ್ಯಾಗ ಎರಡು ಸ್ಟೀಲ್ ಗ್ಲಾಸು ಸಾಕು. ಒಂದರಾಗ ತಣ್ಣೀರು, ಒಂದರಾಗ ಉಗುರು ಬೆಚ್ಚನ್ನ ನೀರು. ಅವರ ಕಣ್ಣು ಮುಚ್ಚಿಸಿ, ಶಾಖ ಕೊಡಬೇಕಾದ ಜಾಗಾಕ್ಕ ಒಂದೊಂದ ಮುಟ್ಟಿಸಿ ಕೇಳ್ರಿ, 'ಇದು ತಣ್ಣಗಿಂದೋ, ಬೆಚ್ಚಗಿಂದೋ?' ಹಿಂದ ಮುಂದ ಮಾಡಿ ಐದಾರು ಸಲ ಕೇಳ್ರಿ. ತಪ್ಪು ಹೇಳಿದ್ರ, ಇಲ್ಲಾ 'ತಿಳೀವಲ್ದು' ಅಂದ್ರ ಅಲ್ಲೆ ಬಿಸಿನೂ ಬ್ಯಾಡ, ಬರ್ಫನೂ ಬ್ಯಾಡ. ಸಕ್ಕರೆ ಇದ್ದವರ ಪಾದಕ್ಕ, ಲಕ್ವಾ ಆದ ಬದಿಗೆ, ಆಪರೇಷನ್ನಿನ ಜೋಮು ಇನ್ನೂ ಇಳೀಲಾರದ ಕಾಲಿಗೆ ಇದನ್ನ ಮಾಡಲಾರದ ಚೀಲ ಮುಟ್ಟಬ್ಯಾಡ್ರಿ. ನೋಡಿಕೊಳ್ಳಲಿಕ್ಕೆ ಹೊರಗಿನವರು ಬರತಿದ್ರ ಅವರಿಗೂ ಮೊದಲ ದಿನಾನ ಮಾಡಿ ತೋರಸ್ರಿ. ಎರಡು ನಿಮಿಷದ ಕೆಲಸ, ಗ್ಲಾಸು ಹೆಂಗಿದ್ರೂ ಅಡಗಿ ಮನ್ಯಾಗ ಅವ.